ರೂಮಿ ಟೋಪಿಯೊಳಗಿನ ಎರಡು ಸಾಲು

ಇಂಗ್ಲಿಷಿನಲ್ಲಿ ನನಗೆ ಒಂದೇ ಒಂದು ಕ್ರಿಯಾಪದ ಬರುತ್ತದೆ. ಅದರ ತುರ್ಕಿ ಅನುವಾದವೂ ಬರುತ್ತದೆ. ಅಳವಂಡಿಯ ಸಾಲಿಯಲ್ಲಿ ನಾಲ್ಕನೇ ತರಗತಿ ಮುಗಿಸಿದ ಮುದುಕಿಗೆ ಇದೇನು ಕಡಿಮೆ ವಿದ್ಯೆಯಲ್ಲ. ಅದು ಹೇಗೆ ಬಂತೆಂದು ಹೇಳಲು ನಾಚಿಕೆ. ಆದರೆ ಮಕ್ಕಳೇ, ಈಗ ಹೇಳದೆ ಬೇರೆ ದಾರಿ ಇಲ್ಲ.

ಹೈದರಾಬಾದಿನ ಅರಮನೆಗೆ ತುರ್ಕಿ ದೇಶದ ಸೊಸೆಯರು ಬಂದ ಕಾಲ ಅದು. ಬೇವೂರಿನ ಈ ಮನೆಗೆ ನಾನು ಸೊಸೆಯಾಗಿ ಬಂದದ್ದೂ ಅದೇ ಸುಮಾರಿಗೆ. ನನ್ನ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ನಿಮ್ಮ ಅಜ್ಜ ಆಗ ಊರ ಸಾಲಿಯಲ್ಲಿ ಹಂಗಾಮಿ ಮಾಸ್ತರರು. ಒಂದು ಸಂಜೆಯ ಮಾತು, ಮರುದಿನ ಮಧ್ಯಾಹ್ನ ಸಾಲಿ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ನೌಕರಿ ಖಾಯಂ. ಮೆಚ್ಚದಿದ್ದರೆ ಹೊಲದಲ್ಲಿ ಎಡೆ ಹೊಡೆಯುವ ಕೆಲಸವಂತೂ ಖಾಯಂ ಇದ್ದೇ ಇತ್ತು. ಸಾಹೇಬರಿಗೆ ತುರ್ಕಿಯದೆಂದರೆ ಪ್ರಾಣವಂತೆ. ಅದಕ್ಕೇ ಪಕ್ಕದ ಮನೆಯ ಮುನ್ಶಿ ಸಾಹೇಬರು, ಕಚೇರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು, ತಮ್ಮ ಕೆಂಪು ರೂಮಿ ಟೋಪಿಯನ್ನು ಒಂದು ದಿನದ ಮಟ್ಟಿಗೆ ತಂದುಕೊಟ್ಟರು. ತುರ್ಕಿಯಲ್ಲೇ ಮಾಡಿದ ಉಣ್ಣೆಯ ಟೋಪಿ, ಮೇಲೆ ಕರಿ ಗೊಂಡೆ.

"ಒಳಗ ಏನೋ ಬರದಾರಲ್ರಿ," ಎಂದರು ನಿಮ್ಮ ಅಜ್ಜ.

"ಮ್ಯಾಲಿನ ಸಾಲು ಇಂಗ್ಲಿಷು, ಕೆಳಗಿಂದು ತುರ್ಕಿ," ಎಂದರು ಮುನ್ಶಿ ಸಾಹೇಬರು. "ನೋಡ್ರಿ ಮಾಸ್ತರ, ಇದು ಡ್ಯಾಮೇಜ್. ಇದಕ್ಕ ತುರ್ಕಿಯೊಳಗ ಜರರ್ ವೆರ್ಮೆಕ್ ಅಂತಾರ. ಅಂದ್ರ ಕೆಡಕು ಮಾಡೂದು. ನಾಳೆ ಕೇಳಿದ್ರೂ ಕೇಳ್ಯಾರು, ಬಾಯಿಪಾಠ ಮಾಡಿಟ್ಕೋರಿ."

ಬಾಗಿಲ ಮರೆಯಲ್ಲಿ ನಿಂತು ಇಷ್ಟು ಕೇಳಿದೆ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಒಳಗೆ ಓಡಿದೆ. ಉಳಿದದ್ದು ಕಿವಿಗೆ ಬೀಳಲಿಲ್ಲ. ಆಮೇಲೆ ಕೇಳೋಣವೆಂದರೆ ಅತ್ತೆಯ ಎದುರು ಗಂಡನನ್ನು ಮಾತಾಡಿಸುವ ರೂಢಿ ಇರಲಿಲ್ಲ. ಕೇಳಿದಷ್ಟನ್ನು ಅತ್ತೆಗೆ ಹೇಳಿದೆ.

"ಕೆಡಕು ಅಂತ ಬರದದ್ದನ್ನ ನನ್ನ ಮಗ ತಲಿಮ್ಯಾಗ ಇಟ್ಕೋತಾನ?" ಅತ್ತೆ ಹಿಟ್ಟಿನ ಕೈಯನ್ನೇ ಎದೆಗೆ ಹಚ್ಚಿಕೊಂಡರು.

"ಹಂಗಂದ್ರು ಅತ್ತಿ."

"ನಾಳೆ ಅವ ಜಳಕಕ್ಕ ಹೋದಾಗ ನಿವಾಳಿಸಿ ಬಿಡವಾ. ಸಾಲಿ ಕಲ್ತಾಕಿ ನೀನು, ನಿನ್ನ ಕೈಲೇ ಆಗ್ಲಿ."

ಸಾಲಿ ಕಲಿತವಳು ಎಂದ ಕೂಡಲೇ ಉಬ್ಬಿಹೋದೆ. ಬೆಳಿಗ್ಗೆ ಅವರು ಬಾವಿಯ ಕಡೆ ಹೋದದ್ದೇ ತಡ, ತಾಟಿನಲ್ಲಿ ಅರಿಷಿಣ, ಸುಣ್ಣ ಕದಡಿ ಕೆಂಪು ನೀರು ಮಾಡಿ, ಟೋಪಿಗೆ ಮೂರು ಸುತ್ತು ನಿವಾಳಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಡುಕು ಬರೆದದ್ದು ಒಳಗೆ, ನಿವಾಳಿಸಿದ್ದು ಹೊರಗೆ. ಕಾರ್ಯ ಸಾಂಗವಾಗಲೆಂದು ಟೋಪಿಯನ್ನು ಅಂಗಾತ ಹಿಡಿದು ಒಳಕ್ಕೆ ಎರಡು ಬೊಗಸೆ ನೀರು ಹಾಕಿದೆ.

ಟೋಪಿ ನಾದಿದ ಹಿಟ್ಟಿನಂತೆ ಕುಸಿದು ಕೂತಿತು.

"ಲಗೂನ ಒಣಗಸವಾ," ಎಂದರು ಅತ್ತೆ.

ಆಕಾರ ಕೆಡಬಾರದೆಂದು ಹಿತ್ತಾಳೆ ತಂಬಿಗೆಯ ಮೇಲೆ ಅದನ್ನು ಬೋರಲು ಹಾಕಿದೆ. ಬೇಗ ಒಣಗಲೆಂದು ತಂಬಿಗೆಗೆ ಕುದಿನೀರು ತುಂಬಿದೆ. ಇನ್ನೂ ಬೇಗ ಒಣಗಲೆಂದು ಎಲ್ಲವನ್ನೂ ನೀರೊಲೆಯ ಬಾಯಿಗೆ ಇಟ್ಟೆ. ಟೋಪಿ ಒಣಗಿತು. ತಂಬಿಗೆಯ ಅಳತೆ ಕೊಟ್ಟು ಮಾಡಿಸಿದಂತೆ ಇತ್ತು.

ಅವರು ಜಳಕ ಮುಗಿಸಿ ಬಂದು ತಲೆಗೆ ಇಟ್ಟುಕೊಂಡರು. ಟೋಪಿ ನೆತ್ತಿಯ ಮೇಲೆ ನಿಂತಿತೇ ಹೊರತು ಕೆಳಗೆ ಇಳಿಯಲಿಲ್ಲ.

"ಏನ್ ಮಾಡಿದಿ ಇದಕ್ಕ?"

ಅತ್ತೆಯ ಎದುರಿಗೆ ಗಂಡನ ಜೊತೆ ನಾನು ಆಡಿದ ಮೊದಲ ಮಾತು ಇದು: "ಕೆಡಕು ತಗದೀನ್ರಿ. ನೀರು ಹಾಕಿ."

"ಅದರಾಗ ಏನ್ ಬರದೈತಿ ಗೊತ್ತೈತೇನು? ನೀರು ಬಿದ್ರ ಈ ಟೋಪಿಗೆ ಡ್ಯಾಮೇಜ್ ಆಗತೈತಿ ಅಂತ ಬರದೈತಿ."

ಅತ್ತೆ ಟೋಪಿಯನ್ನೊಮ್ಮೆ ನೋಡಿದರು. "ಹಂಗಾರ ಬರದಾವ ಖರೇನ ಬರದಾನ ಬಿಡು," ಎಂದರು.

ನಿಮ್ಮ ಅಜ್ಜ ತಂದೆಯ ಹಳೆ ರುಮಾಲು ಸುತ್ತಿಕೊಂಡು ಸಾಲಿಗೆ ಹೋದರು. ನಾನು ಒಲೆಯ ಮುಂದೆ ಕೂತೆ. ನನ್ನ ಕಣ್ಣಿಗೆ ಅವರು ಬಿಸಿಲಲ್ಲಿ ಎಡೆ ಹೊಡೆಯುವುದೇ ಕಾಣುತ್ತಿತ್ತು.

ಸಂಜೆ ಬಂದು ಹೇಳಿದರು. ರುಮಾಲು ಯಾಕೆ, ರೂಮಿ ಟೋಪಿ ಯಾಕಿಲ್ಲ ಎಂದು ಸಾಹೇಬರು ಕೇಳಿದರಂತೆ. ಗಾಬರಿಯಲ್ಲಿ ಇವರ ಬಾಯಿಗೆ ಬಂದದ್ದು ಉರು ಹೊಡೆದದ್ದೇ: "ಡ್ಯಾಮೇಜ್, ಸಾಹೇಬರ. ಜರರ್ ವೆರ್ಮೆಕ್." ಸಾಹೇಬರು ಕುರ್ಚಿಯಿಂದ ಎದ್ದುಬಿಟ್ಟರಂತೆ. ಇಷ್ಟು ಮನಸ್ಸಿಗೆ ಹತ್ತುವಂತೆ ತುರ್ಕಿ ಕಲಿಸಿದವರು ಯಾರು ಎಂದರಂತೆ.

"ನೀವು ಏನಂದ್ರಿ?" ಎಂದು ಕೇಳಿದೆ.

"ನಮ್ಮ ಮನಿಯಾಕಿ ಅಂದೆ."

ನೌಕರಿ ಖಾಯಂ ಆಯಿತು. ಮುನ್ಶಿ ಸಾಹೇಬರು ಟೋಪಿಯನ್ನು ಬೆರಳ ಮೇಲೆ ಕೂರಿಸಿ ತಿರುಗಿಸಿ ನೋಡಿ, "ಇರ್ಲಿ ಬಿಡ್ರಿ, ಮೊಮ್ಮಗ ಹುಟ್ಟಿದ ಮ್ಯಾಲ ಹಾಕೂಣು," ಎಂದರು.

ಇದ್ದಷ್ಟು ದಿನ ನಿಮ್ಮ ಅಜ್ಜ, ನಾನು ಉಣ್ಣೆಯದೇನನ್ನಾದರೂ ತೊಳೆಯಲು ಎತ್ತಿಕೊಂಡರೆ ಸಾಕು, ಕೂತಲ್ಲಿಂದಲೇ "ಜರರ್ ವೆರ್ಮೆಕ್" ಎನ್ನುತ್ತಿದ್ದರು. ನಾನು ಕೆಳಗಿಡುತ್ತಿದ್ದೆ. ಈಗ ಹಾಗೆ ಅನ್ನುವವರು ಇಲ್ಲ.

ನಿಮ್ಮಲ್ಲಿ ದೊಡ್ಡವನ ಹೊಸ ಸ್ವೆಟರು ಕಾಣುತ್ತಿಲ್ಲವೆಂದು ನಿನ್ನೆಯಿಂದ ಮನೆಯೆಲ್ಲ ಹುಡುಕುತ್ತಿದ್ದೀರಿ. ಹುಡುಕಬೇಡಿ. ಸಾರಿನ ಕಲೆ ಹೋಗಲೆಂದು ಕುದಿನೀರಿಗೆ ಹಾಕಿದ್ದೆ. ನನ್ನ ಟ್ರಂಕಿನಲ್ಲಿದೆ. ತಂಬಿಗೆಗೆ ಸರಿಯಾಗಿ ಕೂರುತ್ತದೆ.