ಮೇ ತಿಂಗಳಲ್ಲಿ ನಾವು ಸ್ಕೀ ಮಾಡಿದ್ದು

ಯಾವುದನ್ನೂ ಪರೀಕ್ಷಿಸದೆ ನಂಬುವವನು ನಾನಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡುವಾಗ ಹತ್ತಿದ ಚಟ ಇದು. ಹಾಲಿನವನು ಹಾಲಿಗೆ ನೀರು ಹಾಕಿಲ್ಲ ಎಂದರೆ ನಂಬುವುದಿಲ್ಲ. ಹಾಕಿದ್ದೇನೆ ಎಂದರೂ ನಂಬುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸಂಶಯ ನನಗೆ ನನ್ನ ನೆನಪಿನ ಮೇಲೆಯೇ. ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಕೆಳಗಿಳಿದ ಮೇಲೆ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ ಶುರುವಾಗುತ್ತದೆ. ಇಂಥ ಮನುಷ್ಯ ಪ್ರವಾಸದ ಯೋಜನೆ ಹಾಕಿದರೆ ಅದರಲ್ಲಿ ಲೋಪ ಉಳಿಯಲು ಸಾಧ್ಯವೆ? ಸಾಧ್ಯವೇ ಇಲ್ಲ ಎಂದು ನಾನೂ ತಿಳಿದಿದ್ದೆ!

ಆಗ ನಾವು ನಾಸಿಕದಲ್ಲಿದ್ದೆವು. ಕೇಂದ್ರ ಸರಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಬಂದು ಕೆಲವು ವರ್ಷಗಳಾಗಿದ್ದವು. ಮಗಳು ಮುಕ್ತಾ ಐದನೇ ಕ್ಲಾಸು, ಮಗ ತನ್ಮಯ ಅವಳಿಗಿಂತ ಚಿಕ್ಕವನು. ಮುಕ್ತಾಳ ಕ್ಲಾಸಿನ ಹುಡುಗಿಯೊಬ್ಬಳು ಹಿಮದಲ್ಲಿ ನಿಂತ ತನ್ನ ಫೋಟೋ ತಂದು ಎಲ್ಲರಿಗೂ ತೋರಿಸಿದಳಂತೆ. ಕೂಡಲೇ ನನ್ನ ಮಗಳು ಎದ್ದು ನಿಂತು, ನಾವು ಬರೀ ನಿಲ್ಲುವ ಜನ ಅಲ್ಲ, ರಜೆಯಲ್ಲಿ ಸ್ಕೀ ಮಾಡಲಿದ್ದೇವೆ, ಫೋಟೋ ತಂದು ತೋರಿಸುತ್ತೇನೆ ಎಂದು ಸಾರಿಬಿಟ್ಟಳು. ಸಾರಿದ ಮೇಲೆ ಮನೆಗೆ ಬಂದು ನನ್ನನ್ನು ಕೇಳಿದಳು.

"ಪಪ್ಪಾ, ನಾ ಸಗಳ್ಯಾಂನಾ ಸಾಂಗಿತಲಂ. ಆತಾ ಇಲ್ಲ ಅನಬ್ಯಾಡ್ರಿ, ನಾಹಿತರ ಎಲ್ಲಾರೂ ನಗತಾರ!"

ನಾಸಿಕದಲ್ಲಿ ಬೆಳೆದ ನಮ್ಮ ಮಕ್ಕಳು ಹೆದರಿದಾಗ ಮರಾಠಿ ಆಡುತ್ತಾರೆ, ಬೇಡುವಾಗ ಕನ್ನಡ. ಇಲ್ಲಿ ಎರಡೂ ಇದ್ದವು. ಎಲ್ಲರಿಗೂ ಹೇಳಿಯಾಗಿದೆ, ಹೋಗದಿದ್ದರೆ ನಗುತ್ತಾರೆ. ಮಗಳ ಮಾನದ ಪ್ರಶ್ನೆ.

ಅದೇ ವರ್ಷ ನನ್ನ ಎಲ್‌ಟಿಸಿಯೂ, ಅಂದರೆ ಸರಕಾರಿ ಖರ್ಚಿನ ಪ್ರವಾಸವೂ, ಬಾಕಿ ಇತ್ತು. ಸರಕಾರಿ ನೌಕರನ ಮನೆಯಲ್ಲಿ ಎಲ್‌ಟಿಸಿ ಬಳಸದೆ ಸತ್ತುಹೋದರೆ ಸೂತಕವೇ ಸರಿ. ಹತ್ತಿರದ ಊರಿಗೆ ಹೋಗಿ ಅದನ್ನು ತೀರಿಸಿದವನನ್ನು ಸಹೋದ್ಯೋಗಿಗಳು ಮರುಕದಿಂದ ನೋಡುತ್ತಾರೆ. ಆದ್ದರಿಂದ ಭೂಪಟದಲ್ಲಿ ಆದಷ್ಟು ಮೇಲೆ ಬೆರಳಿಟ್ಟೆ. ಔಲಿ! ಹಿಮಾಲಯದ ಮಡಿಲಿನ ಊರು, ಸ್ಕೀಗೆ ಹೆಸರಾದದ್ದು. ಮಕ್ಕಳಿಗೆ ರಜೆ ಇರುವುದು ಮೇ ತಿಂಗಳಲ್ಲಿ. ಆದ್ದರಿಂದ ಮೇ ತಿಂಗಳು.

ನನ್ನ ಹೆಂಡತಿ ವಿದ್ಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಮೇ ತಿಂಗಳದಾಗ ಬರ್ಫ ಇರ್ತದೇನ್ರಿ?"

"ಹಿಮಾಲಯ ಅದು. ಕರೆಂಟ್ ಹೋದ್ರ ಕರಗಲಿಕ್ಕೆ ನಮ್ಮ ಫ್ರಿಜ್ ಅಲ್ಲ."

"ಆದ್ರೂ ಯಾರಿಗರೆ ಒಂದ ಮಾತು ಕೇಳ್ರಿ."

ಕೇಳದೆ ಬಿಡುತ್ತೇನೆಯೇ? ಹೋಟೆಲಿನವನಿಗೆ ಫೋನ್ ಮಾಡಿ ಬಿಸಿನೀರಿನ ಬಗ್ಗೆ, ಸಸ್ಯಾಹಾರದ ಬಗ್ಗೆ, ಹೊದಿಕೆಗಳ ದಪ್ಪದ ಬಗ್ಗೆ ವಿಚಾರಿಸಿದೆ. ಅವನ ಉತ್ತರ ಸರಿಯಾಗಿ ನೆನಪಿದೆಯೋ ಇಲ್ಲವೋ ಎಂಬ ಸಂಶಯ ಬಂದು, ಮರುದಿನ ಬೇರೆ ಹೆಸರಿನಲ್ಲಿ ಫೋನ್ ಮಾಡಿ ಅದನ್ನೇ ಮತ್ತೆ ವಿಚಾರಿಸಿದೆ. ರೂಮು ಸಿಗುತ್ತದೆಯೇ ಎಂದರೆ, "ರೂಮ್ ಹೀ ರೂಮ್ ಹೈ ಸಾಬ್, ಪೂರಾ ಹೋಟೆಲ್ ಆಪ್ ಕಾ!" ಎಂದ. ಇಷ್ಟು ಪ್ರಸಿದ್ಧ ಊರಿನಲ್ಲಿ ಇಡೀ ಹೋಟೆಲು ಖಾಲಿ! ಎಲ್ಲರಿಗಿಂತ ಮೊದಲೇ ಯೋಜನೆ ಹಾಕಿದ್ದರ ಫಲ ಎಂದು ವಿದ್ಯಾಳಿಗೆ ವಿವರಿಸಿದೆ. ಹಿಮದ ವಿಷಯವೊಂದನ್ನು ಮಾತ್ರ ಕೇಳಲಿಲ್ಲ. ಸಮುದ್ರಕ್ಕೆ ಹೊರಟವನು ಅಲ್ಲಿ ನೀರಿದೆಯೇ ಎಂದು ಯಾರನ್ನಾದರೂ ಕೇಳುತ್ತಾನೆಯೇ?

ಮುಂದಿನದು ಬೆಚ್ಚನೆಯ ಬಟ್ಟೆಯ ಪ್ರಶ್ನೆ. ನಾಸಿಕದ ಚಳಿಗೆ ಅರ್ಧ ತೋಳಿನ ಸ್ವೆಟರ್ ಸಾಕಾಗುತ್ತದೆ. ಆದರೆ ಸಂಭಾಜಿನಗರದಲ್ಲಿ ನನ್ನ ಷಡ್ಡಕ ವಸಂತರಾಯರಿದ್ದರು. ಬ್ಯಾಂಕ್ ಮ್ಯಾನೇಜರು, ಹಿಂದೊಮ್ಮೆ ಶಿಮ್ಲಾಕ್ಕೆ ವರ್ಗವಾಗಿದ್ದ ದೆಸೆಯಿಂದ ಅವರ ಮನೆಯಲ್ಲಿ ಒಂದು ಟ್ರಂಕಿನ ತುಂಬ ಉಣ್ಣೆ ಇತ್ತು. ಒಂದು ರವಿವಾರ ವಿದ್ಯಾಳ ಜೊತೆ ಎಸ್‌ಟಿ ಬಸ್ಸು ಹತ್ತಿದೆ. ಯೇವಲಾದಲ್ಲಿ ಬಸ್ಸು ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಿಂತಿತು. ವಿದ್ಯಾ ಪೈಠಣಿ ಸೀರೆಯ ಅಂಗಡಿಗಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು.

"ಅದನ್ನ ಉಟ್ಕೊಂಡು ಸ್ಕೀ ಮಾಡ್ಲಿಕ್ಕೆ ಬರೂದಿಲ್ಲ," ಎಂದೆ. ಸಂಭಾಜಿನಗರದವರೆಗೆ ಅವಳು ಕಿಟಕಿಯಾಚೆಯೇ ನೋಡುತ್ತ ಕೂತಳು.

ವಸಂತರಾಯರು ಟ್ರಂಕು ತೆರೆದರು. ಡಾಂಬರು ಗುಳಿಗೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು. "ಏನ್ರಿ ಶ್ರೀಪಾದರಾಯರ, ಮೇದಾಗ ಹೊಂಟೀರಂತ?" ಎಂದರು. ಮುಂದೆ ಇನ್ನೂ ಏನೋ ಹೇಳಿದರು. ಆಗ ನನ್ನ ತಲೆ ಮಂಕಿ ಕ್ಯಾಪಿನೊಳಗೆ ಸಿಕ್ಕಿಕೊಂಡು, ಮುಖದ ತೂತು ಹಿಂದಲೆಯ ಕಡೆ ಹೋಗಿತ್ತು. ಒಳಗಿನಿಂದಲೇ "ಹೂಂ, ಹೂಂ" ಎಂದೆ.

ಇನ್ನು ಉಳಿದದ್ದು ತರಬೇತಿ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಒಳ್ಳೆಯ ಇಳಿಜಾರು ಇತ್ತು. ಹಳೆಯ ಮಂಚದ ಹಲಗೆಗಳ ಮೇಲೆ ಚಪ್ಪಲಿಗಳನ್ನಿಟ್ಟು ಮೊಳೆ ಹೊಡೆದೆ. ಇಳಿಜಾರಿಗೆ ಸೋಪಿನ ನೀರು ಸುರಿದೆ. "ಮೊದಲು ನಾ ಮಾಡಿ ತೋರಿಸ್ತೀನಿ. ಮೊಣಕಾಲು ಬಗ್ಗಿಸಬೇಕು, ಮೈಭಾರ ಮುಂದ ಇರಬೇಕು," ಎಂದು ಮಕ್ಕಳಿಗೆ ಪಾಠ ಹೇಳುತ್ತಿರುವಾಗಲೇ ಹಲಗೆಗಳು ಹೊರಟವು. ಎದುರಿಗೆ ಕೆಳಗಿನ ಮನೆಯ ಕಾಕು ಕಾಯಿಪಲ್ಯೆಯ ಚೀಲ ಹಿಡಿದು ಬರುತ್ತಿದ್ದರು.

"ಅಗಬಾಯಿ! ಹೇ ಕಾಯ ಚಾಲಲಂಯ?"

"ಸ್ಕೀ, ಕಾಕು!" ಎನ್ನುತ್ತ ಅವರನ್ನು ದಾಟಿ ಹೋದೆ.

ಬಾಲ್ಕನಿಯಿಂದ ವಿದ್ಯಾ ಕೂಗಿದಳು: "ಕಾಕು, ಬಾಜೂಲಾ ವ್ಹಾ! ಅವರಿಗೆ ನಿಲ್ಲಲಿಕ್ಕೆ ಬರೂದಿಲ್ಲ!"

ಅದು ಅಪವಾದ. ಸ್ಕೀಯಲ್ಲಿ ನಿಲ್ಲುವುದೇ ಕಷ್ಟ ಎಂದು ಓದಿದ್ದೆ, ನನಗೇನೂ ಕಷ್ಟವಾಗಲಿಲ್ಲ. ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳು ನಿಲ್ಲಿಸಿದವು. ಅವು ಒಂದರ ಮೇಲೊಂದು ಗೌರವಪೂರ್ವಕವಾಗಿ ಮಲಗಿದವು. ಕಾಕು ಬಗ್ಗಿ ಬದನೆಕಾಯಿ ಆರಿಸಿಕೊಳ್ಳುತ್ತ, ನಿಮ್ಮ ಊರಿನ ಕಡೆ ಎಲ್ಲರೂ ಹೀಗೆಯೇ ಏನು ಎಂದು ಮುಕ್ತಾಳನ್ನು ಕೇಳಿದರು.

ಕೊನೆಗೂ ಆ ಮಹಾಪ್ರಯಾಣ ಶುರುವಾಯಿತು. ರೈಲು ಇಳಿದು, ಹರಿದ್ವಾರದಿಂದ ಬೆಟ್ಟ ಹತ್ತುವ ಬಸ್ಸು ಹಿಡಿದೆವು. ಬಸ್ಸಿನ ತುಂಬ ಬದರಿಗೆ ಹೊರಟ ಯಾತ್ರಿಕರು. ಡ್ರೈವರ್ ನಮ್ಮನ್ನೂ "ಬದರೀನಾಥ್?" ಎಂದು ಕೇಳಿದ. "ನಹೀ, ಔಲಿ. ಸ್ಕೀ ಕೇ ಲಿಯೇ," ಎಂದೆ. ಜಪ ಮಾಡುತ್ತಿದ್ದ ಮುದುಕಿಯೊಬ್ಬಳು ಮಣಿ ಎಣಿಸುವುದನ್ನು ನಿಲ್ಲಿಸಿದಳು. ಡ್ರೈವರ್ ಅಂಥ ತಿರುವಿನಲ್ಲಿಯೂ ಹಿಂದೆ ತಿರುಗಿ ನನ್ನ ಮುಖ ನೋಡಿದ. ಎಲ್ಲರ ಕಣ್ಣಲ್ಲೂ ಅಸೂಯೆ ಇದೆ ಎಂದುಕೊಂಡೆ.

ದಾರಿಯಲ್ಲಿ ಬಸ್ಸು ಬಿಟ್ಟು ಜೀಪು ಹತ್ತಿ ಔಲಿಯಲ್ಲಿ ಇಳಿದೆವು. ನಾಲ್ಕೂ ಜನ ಕೋಟು, ಕೈಗವಸು, ಮಂಕಿ ಕ್ಯಾಪು ಧರಿಸಿ ಬೆವರುತ್ತ ನಿಂತೆವು. ಎದುರಿಗೆ ಕಣ್ಣು ಹರಿಯುವಷ್ಟು ದೂರ ಒಂದೇ ಒಂದು ಬಣ್ಣ. ಹಸಿರು! ಹುಲ್ಲಿನಲ್ಲಿ ಹೂವು ಅರಳಿದ್ದವು. ಕುದುರೆಗಳು ಮೇಯುತ್ತಿದ್ದವು. ಹಿಮ ಇರಲಿಲ್ಲ ಎನ್ನುವಂತಿಲ್ಲ. ದೂರದಲ್ಲಿ, ಆಕಾಶಕ್ಕೆ ತಾಗಿದ ಶಿಖರಗಳ ಮೇಲೆ ಬೇಕಾದಷ್ಟಿತ್ತು.

"ಅಗೋ, ಅಲ್ಲಿ ಅದ ನೋಡು," ಎಂದೆ.

"ಅಲ್ಲಿಗೆ ರಿಕ್ಷಾ ಹೋಗ್ತಾವೇನ್ರಿ?" ಎಂದು ವಿದ್ಯಾ ಕೇಳಿದಳು.

ಹೋಟೆಲಿನಿಂದ ವಸಂತರಾಯರಿಗೆ ಫೋನ್ ಮಾಡಿದೆ. "ಟ್ರಂಕಿನ ಮುಂದ ಹೇಳಿದ್ನಲ್ರಿ, ಜನವರಿದಾಗ ಹೋಗ್ರಿ, ಮೇದಾಗ ಏನೂ ಸಿಗೂದಿಲ್ಲ ಅಂತ! ನೀವು ಹೂಂ ಹೂಂ ಅಂದ್ರಿ," ಎಂದರು. ನನಗೆ ಏನೂ ನೆನಪಾಗಲಿಲ್ಲ. ಅವರು ಹೇಳಿಲ್ಲ ಎಂದು ಸಾಧಿಸುವ ಧೈರ್ಯವೂ ಆಗಲಿಲ್ಲ.

"ಹೇಳಿದ್ರು. ನಾನ ಕೇಳೇನಿ," ಎಂದಳು ವಿದ್ಯಾ.

"ಮತ್ತ ನೀ ಆಗ ಯಾಕ ಬಾಯಿ ಬಿಡಲಿಲ್ಲ?"

"ಅದಕ್ಕೂ ಮೊದಲ ಬಿಟ್ಟಿದ್ದೆ. ನೀವು ಫ್ರಿಜ್ಜಿನ ಕತಿ ಹೇಳಿದ್ರಿ."

ಮುಕ್ತಾ ಶಿಮ್ಲಾದ ಕೆಂಪು ಕೋಟಿನಲ್ಲಿ ಹುಲ್ಲಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. "ಆತಾ ಕ್ಲಾಸಿನ್ಯಾಗ ಕಾಯ ಹೇಳ್ಲಿ ಪಪ್ಪಾ?" ಎಂದಳು. ಕ್ಲಾಸಿನಲ್ಲಿ ಏನು ಹೇಳಲಿ ಎಂದು ಕೇಳುವ ಬದಲು ಬೈದಿದ್ದರೆ ಒಳ್ಳೆಯದಿತ್ತು. ನಾನು ಎದ್ದೆ. ಹಿಮವನ್ನು ಎಲ್ಲಿಂದಾದರೂ ತರುವುದೇ ಸೈ ಎಂದು ನಿರ್ಧರಿಸಿದೆ.

ಸ್ಕೀ ಬಾಡಿಗೆಗೆ ಕೊಡುವ ಅಂಗಡಿಯವನು ಜೋಳಿಗೆಯಂಥ ಟೋಪಿಯನ್ನು ಕಣ್ಣ ಮೇಲೆ ಎಳೆದುಕೊಂಡು ನಿದ್ದೆ ಮಾಡುತ್ತಿದ್ದ. ಸ್ಕೀ ಬೇಕು ಎಂದಾಗ ಎದ್ದು ಮೊದಲು ನನ್ನನ್ನು, ಆಮೇಲೆ ಹುಲ್ಲನ್ನು ನೋಡಿದ. "ಘಾಸ್ ಪರ್?" ಎಂದ. ನನ್ನ ಮಗಳನ್ನು ಕಂಡು ಏನು ತೋಚಿತೋ, ಧೂಳು ಝಾಡಿಸಿ ಒಂದು ಜೊತೆ ಕೊಟ್ಟ. ಕುದುರೆಯವನೊಬ್ಬ, ಮೇಲೆ ಒಂದು ಕಡೆ ಸ್ವಲ್ಪ ಉಳಿದಿದೆ ಎಂದು ನಮ್ಮನ್ನು ಕರೆದೊಯ್ದ.

ಉಳಿದಿತ್ತು. ಬೆಟ್ಟದ ಸಂದಿಯಲ್ಲಿ, ಬಿಸಿಲು ಮರೆತುಹೋದ ಒಂದು ಮೂಲೆಯಲ್ಲಿ, ನಮ್ಮ ನಾಸಿಕದ ಮನೆಯ ಪಡಸಾಲೆಯಷ್ಟಗಲ ಹಿಮ. ಬಣ್ಣ ಸಿಮೆಂಟಿನದು. ಅದರ ಮೇಲೆ ಆಗಲೇ ಒಂದು ಗುಜರಾತಿ ಕುಟುಂಬ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ನಾವು ಸರದಿಯಲ್ಲಿ ನಿಂತೆವು. ಹಿಮಾಲಯದಲ್ಲಿ ಹಿಮಕ್ಕೆ ಸರದಿ!

ಮುಕ್ತಾಳ ಕೈಗೆ ಕ್ಯಾಮೆರಾ ಕೊಟ್ಟು, ಸುರಕ್ಷತೆಯ ದೃಷ್ಟಿಯಿಂದ ಮೊದಲು ನಾನೇ ಇಳಿಯುತ್ತೇನೆ ಎಂದು ಘೋಷಿಸಿದೆ. ಮೊಣಕಾಲು ಬಗ್ಗಿಸಿದೆ; ಪ್ಯಾಂಟಿನ ಹಿಂಭಾಗ ಪರ್ ಎಂದಿತು. ಮೈಭಾರ ಮುಂದಿಟ್ಟೆ. ಜಾರಿದೆ! ಗಾಳಿ ಕಿವಿಯಲ್ಲಿ ಹಾಡಿತು. ವಿಶ್ವವಿದ್ಯಾಲಯದ ಶಿಕ್ಷಣ ವ್ಯರ್ಥವಾಗಲಿಲ್ಲ ಅನ್ನಿಸಿತು. ಅಷ್ಟರಲ್ಲಿ ಹಿಮ ಮುಗಿದು ಹುಲ್ಲು ಬಂತು. ಸ್ಕೀಗಳು ನಿಂತವು.

ನಾನು ನಿಲ್ಲಲಿಲ್ಲ!

ಕುದುರೆಗಳು ಮೇಯುವಲ್ಲಿ ಹುಲ್ಲೊಂದೇ ಇರುವುದಿಲ್ಲ. ಎಲ್ಲಿ ಬಿದ್ದೆ ಎಂಬುದನ್ನು ಇದಕ್ಕಿಂತ ವಿವರಿಸುವ ಅಗತ್ಯವಿಲ್ಲ. ಕಣ್ಣು ತೆರೆದಾಗ ಗುಜರಾತಿ ಅಜ್ಜಿ ಅರಿಸಿನದ ಡಬ್ಬಿ ಹಿಡಿದು ನಿಂತಿದ್ದರು. ತನ್ಮಯ ಚಪ್ಪಾಳೆ ತಟ್ಟುತ್ತ, "ಪಪ್ಪಾ, ಇನ್ನೊಮ್ಮೆ ಬೀಳ್ರಿ!" ಎಂದ. ಅಷ್ಟು ಶುದ್ಧವಾದ ಕನ್ನಡ ಅವನ ಬಾಯಿಂದ ಅದುವರೆಗೆ ಬಂದಿರಲಿಲ್ಲ. ಮುಕ್ತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆಮೇಲೆ ಅವಳೂ ಕುದುರೆಯವನ ಕೈ ಹಿಡಿದು, ನಂತರ ಕೈ ಬಿಟ್ಟು, ಚೆನ್ನಾಗಿಯೇ ಜಾರಿದಳು. ಹಿಮ ಕೆಸರಾಗುವವರೆಗೆ ಜಾರಿದಳು. ಆ ಐತಿಹಾಸಿಕ ದೃಶ್ಯವನ್ನು ನಾನು ಕೋನ ಬದಲಿಸಿ ಬದಲಿಸಿ ಕ್ಯಾಮೆರಾದಲ್ಲಿ ಹಿಡಿದೆ. ನಾಸಿಕಕ್ಕೆ ಬಂದು ಪ್ರಿಂಟು ಹಾಕಿಸಿದಾಗ, ಪ್ರತಿಯೊಂದರಲ್ಲೂ ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಮೂಡಿಬಂದಿತ್ತು!

ಹೀಗಾಗಿ ಜೂನ್‌ನಲ್ಲಿ ಶಾಲೆಗೆ ಹೋದದ್ದು ಮುಕ್ತಾ ತೆಗೆದ ಒಂದೇ ಫೋಟೋ. ಗಾಳಿಯಲ್ಲಿ ತೇಲುತ್ತಿರುವ ಒಬ್ಬ ಮನುಷ್ಯ. ಕಾಲ ಬಳಿ ಸ್ಕೀ, ಹಿಂದೆ ಹಿಮ, ತಲೆ ಚಿತ್ರದಿಂದ ಆಚೆ. ಇಂಥ ನೆಗೆತವನ್ನು ಟಿವಿಯಲ್ಲಿ ಮಾತ್ರ ನೋಡಿದ್ದೇವೆ ಎಂದು ಇಡೀ ಕ್ಲಾಸು ಒಪ್ಪಿಕೊಂಡಿತಂತೆ. ಹಿಮದಲ್ಲಿ ಬರೀ ನಿಂತವಳ ಫೋಟೋ ಮೂಲೆಗೆ ಸೇರಿತು. ಮಗಳ ಮಾನ ಉಳಿಯಿತು.

ನನ್ನದು ಪಾಲಕರ ಸಭೆಯವರೆಗೆ ಉಳಿಯಿತು. ಕ್ಲಾಸ್ ಟೀಚರ್ ಫಲಕಕ್ಕೆ ಚುಚ್ಚಿದ್ದ ಫೋಟೋ ತೋರಿಸಿ, ಉಳಿದ ಪಾಲಕರೆಲ್ಲ ಕೇಳುವಂತೆ, "ಹೇ ತುಮ್ಹೀಚ ಕಾ?" ಎಂದರು. ನಾನು ಕನ್ನಡಕ ಒರೆಸಿಕೊಂಡು ಚಿತ್ರವನ್ನು ದೀರ್ಘವಾಗಿ ಪರಿಶೀಲಿಸಿದೆ. ವಿದ್ಯಾಳ ಕಡೆ ತಿರುಗಿ, "ಮುಖಾನ ಕಾಣೂದಿಲ್ಲ. ನನ್ನ ನೆನಪಿನ ಮ್ಯಾಲೆ ನನಗ ಭರವಸಿ ಇಲ್ಲ. ಇದು ನಾನ ಅನ್ನಲಿಕ್ಕೆ ಆಧಾರ ಸಾಲದು. ಸಂಶಯದ ಲಾಭ ನನಗ ಸಿಗಬೇಕು," ಎಂದೆ.

"ಮುಖ ಯಾಕ ಬೇಕ್ರಿ?" ಎಂದಳು ವಿದ್ಯಾ. "ಪ್ಯಾಂಟು ಎಲ್ಲಿ ಹರದದ ನೋಡ್ರಿ. ನಾನ ಹೊಲದೇನಿ ಅದನ್ನ. ಇವತ್ತೂ ಅದನ್ನ ಹಾಕ್ಕೊಂಡ ಬಂದೀರಿ. ಸ್ವಲ್ಪ ಹಿಂದ ತಿರುಗಿ ನಿಲ್ರಿ, ಟೀಚರ್‌ಗೆ ತೋರಸೋಣು."

ಸಭೆ ಮುಗಿದು ಎಲ್ಲರೂ ಹೊರಟು ಹೋಗುವವರೆಗೆ ನಾನು ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದೆ.