ಅಕ್ಕನಿಗೆ ಆಶ್ರಮ ನೋಡಿದ್ದು

ತಪ್ಪು ಹುಡುಕುವುದು ಕೆಟ್ಟ ಗುಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಅದಕ್ಕಾಗಿ ಮೂವತ್ನಾಲ್ಕು ವರ್ಷ ಸಂಬಳ ಕೊಟ್ಟಿದ್ದಾರೆ. ಹೈದರಾಬಾದಿನ ನಾಚಾರಂನಲ್ಲಿ ನೀರೆತ್ತುವ ಪಂಪು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಇನ್‌ಸ್ಪೆಕ್ಟರ್ ಎಂದ ಕೂಡಲೇ ಪೊಲೀಸ್ ಟೋಪಿ ನೆನಪಿಸಿಕೊಳ್ಳಬೇಡಿ. ಹೊರಗಿನಿಂದ ಬಂದ ಬೋಲ್ಟು, ಬೇರಿಂಗು, ರಬ್ಬರ್ ವಾಷರುಗಳನ್ನು ಅಳೆದು ನೋಡಿ, ಚೀಟಿ ಬರೆದು, ಒಳಗೆ ಬಿಡಬೇಕೋ ವಾಪಸ್ ಕಳಿಸಬೇಕೋ ಹೇಳುವ ಕೆಲಸ. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಚಟ ಬಿಡಲಿಲ್ಲ. ಹಿಮಾಯತ್‌ನಗರದ ಕಾಯಿಪಲ್ಯದ ಬಂಡಿಯವರು ನನ್ನನ್ನು ಕಂಡರೆ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಒಂದು ಬದನೆಕಾಯಿಯನ್ನು ತಿರುವಿ ತಿರುವಿ ನೋಡುತ್ತಿದ್ದಾಗ ಒಬ್ಬ, "ಸಾಬ್, ಲೇನಾ ಹೈ ಯಾ ರಿಶ್ತಾ ಕರ್ನಾ ಹೈ?" ಎಂದು ಕೇಳಿಯೇಬಿಟ್ಟ. ಕೊಳ್ಳುತ್ತೀರೋ, ಸಂಬಂಧ ಬೆಳೆಸುತ್ತೀರೋ ಎಂದು. ನಾನು ಇನ್ನೊಂದು ಬದನೆಕಾಯಿ ಎತ್ತಿಕೊಂಡೆ.

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಮಾಲನ್ನು ತಿರಸ್ಕರಿಸಿದರೆ ಚೀಟಿಯಲ್ಲಿ ಕಾರಣ ಬರೆಯಲೇಬೇಕು. ಮೂರು ದಿನದೊಳಗೆ ಕಾರಣದ ಜಾಗ ತುಂಬದಿದ್ದರೆ ಆ ಮಾಲು ಪಾಸಾದ ಹಾಗೆ. ಸ್ಟೋರಿನವರು ಬಂದು ಹೊತ್ತುಕೊಂಡು ಹೋಗುತ್ತಿದ್ದರು. ನಾನು ಒಂದು ಸಲವೂ ಆ ಜಾಗವನ್ನು ಖಾಲಿ ಬಿಟ್ಟವನಲ್ಲ. ಈ ಹೆಗ್ಗಳಿಕೆಯನ್ನು ಊಟಕ್ಕೆ ಕುಳಿತಾಗಲೆಲ್ಲ ಅಕ್ಕನ ಮುಂದೆ ಕೊಚ್ಚಿಕೊಂಡಿದ್ದೇನೆ. ಯಾಕಾದರೂ ಕೊಚ್ಚಿಕೊಂಡೆನೋ ಎಂದು ಈಗ ಅನ್ನಿಸುತ್ತದೆ.

ಅಕ್ಕ ಎಂದರೆ ಸುಶೀಲಕ್ಕ, ನನಗಿಂತ ಏಳು ವರ್ಷ ದೊಡ್ಡವಳು. ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಾಗ ಇಳಕಲ್ಲಿನಿಂದ ಬಂದಳು. ಭಾವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಕ್ಕಳು ಅವಳಿಗೂ ಇಲ್ಲ, ನಮಗೂ ಇಲ್ಲ. "ಹದಿನೈದು ದಿನ ಇದ್ದು ಹೋಗ್ತೀನಿ" ಎಂದವಳು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಒಣಗಿಸಿದಳು, ಜೋಳದ ಹಿಟ್ಟು ಹಾಕಿಸಿಕೊಂಡು ಬಾ ಎಂದಳು, ಹೋಗುವ ಮಾತು ಮತ್ತೆ ಎತ್ತಲಿಲ್ಲ. ನಾನೂ ನೆನಪಿಸಲಿಲ್ಲ. ನಮ್ಮದು ಮೂರನೆಯ ಅಂತಸ್ತು, ಲಿಫ್ಟ್ ಇಲ್ಲ. ಎರಡು ವರ್ಷದಿಂದ ಅವಳ ಮೊಣಕಾಲು ಮಾತು ಕೇಳುತ್ತಿಲ್ಲ. ಡಾಕ್ಟರ ಬಳಿ ಹೋಗಬೇಕಾದರೆ ವಾಚ್‌ಮನ್ ಮತ್ತು ಇಸ್ತ್ರಿಯವನು ಸೇರಿ ಕುರ್ಚಿಯಲ್ಲಿ ಕೂಡಿಸಿ ಇಳಿಸಬೇಕು. ಉಳಿದ ದಿನವೆಲ್ಲ ಬಾಲ್ಕನಿ. ಅಲ್ಲಿಂದ ಕೆಳಗೆ ನೋಡಿ ನೋಡಿ ಅವಳಿಗೆ ಹಿಮಾಯತ್‌ನಗರದ ಜನರ ನೆತ್ತಿಗಳ ಪರಿಚಯ ಮಾತ್ರ ಚೆನ್ನಾಗಿತ್ತು. ಯಾರಿಗೆ ಬೋಳಾಗುತ್ತಿದೆ ಎಂದು ಅವರ ಹೆಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಚಹಾ ಕೊಡುತ್ತಾ, "ತಮ್ಮಾ, ನನ್ನ ಯಾವುದರೆ ಚೊಲೊ ವೃದ್ಧಾಶ್ರಮಕ್ಕ ಸೇರಿಸು" ಎಂದಳು.

"ಯಾಕಕ್ಕಾ? ನಾ ಏನರೆ ಅಂದೇನೇನು?"

"ನೀ ಏನೂ ಅನ್ನಂಗಿಲ್ಲ, ಅದೇ ತ್ರಾಸು. ಪೇಪರ್ ಓದ್ತಿ, ಪಲ್ಯಾಕ ಉಪ್ಪು ಕಡಿಮಿ ಆಗೇತಿ ಅಂತಿ, ಮಲಗ್ತಿ. ನನಗ ನೆಲದ ಮ್ಯಾಲ ಅಡ್ಡಾಡಬೇಕನಸ್ತೈತಿ. ನಾಕು ಮಂದಿ ಜೋಡಿ ಕುಂತು ಮಾತಾಡಬೇಕನಸ್ತೈತಿ."

ನನಗೆ ಮೊದಲು ಬಂದ ಯೋಚನೆ, ನಾಳೆಯಿಂದ ಚಹಾ ಯಾರು ಮಾಡುತ್ತಾರೆ ಎಂದು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ವರದಿ ಬರೆದು ನನಗೆ ಅಭ್ಯಾಸವಿಲ್ಲ. ಎರಡನೆಯ ಯೋಚನೆ ಸ್ವಲ್ಪ ಮರ್ಯಾದೆಯದು. ಈ ಊರಿನಲ್ಲಿ ನಾನು ಅಂಗಡಿಯವರಿಗೆ ಸಾಬ್, ಬ್ಯಾಂಕಿನವರಿಗೆ ಸಾರ್, ಬಸ್ಸಿನ ಹುಡುಗಿಯರಿಗೆ ತಾತಯ್ಯ. ತಮ್ಮಾ ಎಂದು ಕರೆಯುವ ಬಾಯಿ ಇಡೀ ಹೈದರಾಬಾದಿನಲ್ಲಿ ಒಂದೇ ಇತ್ತು. ಅದು ಹೊರಟು ನಿಂತಿತ್ತು.

"ಆತು, ಆದ್ರ ನೋಡದ ಸೇರಸಂಗಿಲ್ಲ" ಎಂದೆ. ಹಳೆಯ ಕಾರ್ಖಾನೆಯ ಚೀಟಿಯ ಮಾದರಿಯಲ್ಲೇ ಒಂದು ಹಾಳೆ ತಯಾರಿಸಿದೆ. ಬಚ್ಚಲ ಬಾಗಿಲಿನ ಅಗಲ, ಹಿಡಿದು ಏಳುವ ಕಂಬಿಯ ಎತ್ತರ, ಗಾಳಿ, ಬೆಳಕು, ಊಟ, ಡಾಕ್ಟರು ಎಷ್ಟು ದೂರ, ಜನ ಹೇಗೆ. ಎಲ್ಲದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಅಳತೆಯ ಟೇಪು ಜೇಬಿನಲ್ಲಿಟ್ಟುಕೊಂಡು ಹೊರಟಾಗ, ಬಹಳ ವರ್ಷದ ಮೇಲೆ ಡ್ಯೂಟಿಗೆ ಹೋದಂತಾಗಿ ಸ್ವಲ್ಪ ಖುಷಿಯೂ ಆಯಿತೆನ್ನಬೇಕು.

ಮೊದಲನೆಯದು ನಮ್ಮ ಮನೆಯ ಹತ್ತಿರದ್ದೇ. ನೆಲದಲ್ಲಿ ಮುಖ ಕಾಣುವಷ್ಟು ಸ್ವಚ್ಛ. ನಡುಮನೆಯಲ್ಲಿ ಹದಿನಾಲ್ಕು ಜನ ಟಿ.ವಿ. ಕಡೆ ಮುಖ ಮಾಡಿ ಕುಳಿತಿದ್ದರು, ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಆ ಟಿ.ವಿ. ಹಚ್ಚಿಯೇ ಇರಲಿಲ್ಲ ಎಂಬುದು ಆಮೇಲೆ ನನ್ನ ಗಮನಕ್ಕೆ ಬಂತು. ತಿರಸ್ಕೃತ, ಕಾರಣ: ಮಾತಿಲ್ಲ. ಎರಡನೆಯದು ನಾಚಾರಂನಲ್ಲಿ, ನನ್ನ ಹಳೆಯ ಕಾರ್ಖಾನೆಗೆ ಎರಡು ರಸ್ತೆ ಆಚೆ. ಜನ ಒಳ್ಳೆಯವರು, ಸಾರು ಇನ್ನೂ ಒಳ್ಳೆಯದು, ಆದರೆ ಪಕ್ಕದ ಶೆಡ್ಡಿನ ಪ್ರೆಸ್ ಯಂತ್ರ ನಿಮಿಷಕ್ಕೊಮ್ಮೆ ಧಡಾರೆಂದು ಬಡಿಯುತ್ತಿತ್ತು. ನನಗೆ ಆ ಸದ್ದು ತವರಿನ ಸದ್ದು. ಸುಮ್ಮನೆ ಒಂದು ತಾಸು ಕುಳಿತು ಕೇಳಿದೆ. ಅಕ್ಕನಿಗೆ ಅದೇನು ಸುಖ? ತಿರಸ್ಕೃತ, ಕಾರಣ: ಸದ್ದು. ಎರಡೂ ಪ್ರಾಮಾಣಿಕ ವರದಿಗಳು.

ಮೂರನೆಯದು ಉಪ್ಪಲ್ ಬಡಾವಣೆಯದು. ನೆಲದ ಮೇಲಿನ ಮನೆ, ಒಂದು ಮೆಟ್ಟಿಲೂ ಇಲ್ಲ, ಅಂಗಳದಲ್ಲಿ ಬೇವಿನ ಮರ. ಮರದ ಕೆಳಗೆ ಏಳೆಂಟು ಜನ ಹೆಂಗಸರು ಕುರ್ಚಿ ಹಾಕಿಕೊಂಡು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಮುದುಕರ ಕೈಲಿ ಕೆಲಸ ಮಾಡಿಸುತ್ತಾರೆ, ಸಿಕ್ಕಿತು ತಪ್ಪು ಎಂದು ನಾನು ಪೆನ್ನು ತೆಗೆದೆ. ಆಶ್ರಮ ನಡೆಸುವ ವಿಜಯಾ ಎನ್ನುವ ಮಹಿಳೆ ನಕ್ಕು, "ಪನಿಕೋಸಂ ಕಾದು ಸಾರ್, ಮಾಟಲಕೋಸಂ" ಎಂದರು. ಕೆಲಸಕ್ಕಲ್ಲ, ಮಾತಿಗೆ. ಸುಮ್ಮನೆ ಕೂಡಿಸಿದರೆ ಯಾರೂ ಮಾತಾಡುವುದಿಲ್ಲವಂತೆ. ಕೈಗೆ ಸೊಪ್ಪು ಕೊಟ್ಟರೆ ತಾನೇ ಬಾಯಿ ಬಿಡುತ್ತಾರಂತೆ. ಅಷ್ಟರಲ್ಲಿ ಸೊಪ್ಪು ಬಿಡಿಸುತ್ತಿದ್ದ ಒಬ್ಬ ಅಜ್ಜಿ, ಬೀದರಿನ ನಾಗಮ್ಮ ಎಂದು ಆಮೇಲೆ ತಿಳಿಯಿತು, ನನ್ನ ಹಾಳೆಯ ಮೇಲಿನ ಕನ್ನಡ ಅಕ್ಷರ ನೋಡಿ, "ಯಾ ಊರ್ರೀ ನಿಮ್ದು?" ಎಂದರು. ಮನೆಯ ಹೊರಗೆ ಯಾರಾದರೂ ನನ್ನನ್ನು ಹೀಗೆ ಕೇಳಿ ಎಷ್ಟು ವರ್ಷವಾಗಿತ್ತೋ. ಇಳಕಲ್ ಎಂದು ಹೇಳಿ, ಅವರು ಕೇಳದಿದ್ದರೂ ಓಣಿಯ ಹೆಸರನ್ನೂ ಸೇರಿಸಿದೆ.

ಆದರೂ ಕೆಲಸ ಕೆಲಸವೇ. ಬಾಗಿಲು ಅಳೆದೆ, ಕಂಬಿ ಹಿಡಿದು ಎದ್ದು ಕುಳಿತು ನೋಡಿದೆ, ಒಂದು ಖಾಲಿ ಮಂಚದ ಹಾಸಿಗೆ ಪರೀಕ್ಷಿಸಲು ಮಲಗಿದೆ. ಕಣ್ಣು ಬಿಟ್ಟಾಗ ನರ್ಸಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಿದ್ದಳು. ಹೊಸದಾಗಿ ಸೇರಿದವರು ಎಂದುಕೊಂಡಿದ್ದಳಂತೆ. ನಿದ್ದೆ ಒಂದೂವರೆ ತಾಸು ಆಗಿತ್ತು. ಬಿ.ಪಿ. ಕೂಡ ಚೆನ್ನಾಗಿತ್ತು, ನಮ್ಮ ಮನೆಯಲ್ಲಿ ಅದು ಅಷ್ಟು ಚೆನ್ನಾಗಿರುವುದಿಲ್ಲ.

ಬಸ್ಸಿನಲ್ಲಿ ಕುಳಿತು ಹಾಳೆ ತುಂಬಿದೆ. ಒಂಬತ್ತು, ಹತ್ತು, ಹತ್ತು, ಒಂಬತ್ತು. ಸುಳ್ಳು ಅಂಕ ಹಾಕಲು ಕೈ ಬರಲಿಲ್ಲ. ಕೊನೆಗೆ ದಪ್ಪಕ್ಷರದಲ್ಲಿ "ತಿರಸ್ಕೃತ" ಎಂದು ಬರೆದೆ. ಕಾರಣದ ಜಾಗಕ್ಕೆ ಬಂದು ಪೆನ್ನು ನಿಂತಿತು. ಮನೆ ಮುಟ್ಟುವವರೆಗೂ ನಿಂತೇ ಇತ್ತು. ಅಕ್ಕ ಕೇಳಿದಾಗ, "ಚೊಲೊ ಇಲ್ಲಕ್ಕಾ" ಎಂದೆ. "ಏನು ಚೊಲೊ ಇಲ್ಲ?" ಎಂದಳು. "ಹವಾ" ಎಂದೆ. ಹೈದರಾಬಾದಿನ ಹವೆ ಉಪ್ಪಲ್ಲಿಗೆ ಹೋಗಿ ಅಷ್ಟೊಂದು ಬದಲಾಗುತ್ತದೆಯೇ ಎಂದು ಅವಳು ಕೇಳಲಿಲ್ಲ.

ಐದನೆಯ ದಿನ ನಾನು ಪೇಟೆಯಿಂದ ಬಂದಾಗ ಅವಳು ಕನ್ನಡಕ ಹಾಕಿಕೊಂಡು ಆ ಹಾಳೆ ಓದುತ್ತಿದ್ದಳು.

"ಇಲ್ಲಿ ಕಾರಣ ಖಾಲಿ ಬಿಟ್ಟೀಯಲ್ಲೋ."

"ಬರೀತೀನಿ ತಡಿಯಕ್ಕಾ."

"ಐದು ದಿನ ಆತು. ನಿಮ್ಮ ಕಾರ್ಖಾನಿ ಲೆಕ್ಕದಾಗ ಇದು ಪಾಸ್."

ಹೋಗಬ್ಯಾಡಕ್ಕಾ, ನೀ ಇಲ್ಲದಿದ್ರ ನನಗ ಆಗಂಗಿಲ್ಲ ಎಂದು ಹೇಳಬಹುದಿತ್ತು. ಅದೇ ನಿಜವಾದ ಕಾರಣ, ಆ ಸಣ್ಣ ಜಾಗದಲ್ಲಿ ಹಿಡಿಸುತ್ತಲೂ ಇತ್ತು. ನಾನು ಹೇಳಿದ್ದು, "ಮಳಿಗಾಲ ಮುಗೀಲಿ" ಎಂದು. ಅವಳು ಆಗಲೇ ಇಳಕಲ್ ಸೀರೆಗಳನ್ನು ಮಡಚತೊಡಗಿದ್ದಳು.

ಅವಳು ಉಪ್ಪಲ್ಲಿನ ಆಶ್ರಮ ಸೇರಿ ನಾಲ್ಕು ತಿಂಗಳಾಯಿತು. ಚಹಾ ಮಾಡಲು ಕಲಿತಿದ್ದೇನೆ, ಕುಡಿಯಲು ಇನ್ನೂ ಕಲಿಯಬೇಕು. ಸಂಜೆ ನಮ್ಮ ರಸ್ತೆಯ ಮೂಲೆಯಲ್ಲಿ ಒಬ್ಬಾಕೆ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಎರಡು ರೊಟ್ಟಿ ಕಟ್ಟಿಸಿಕೊಂಡ ಮೇಲೂ ನಾನು ಅಲ್ಲೇ ನಿಂತಿರುತ್ತೇನೆ. "ಇಂಕಾ ಕಾವಾಲಾ ಸಾರ್?" ಎಂದು ಆಕೆ ಕೇಳುತ್ತಾಳೆ. ಇನ್ನೂ ಬೇಕೆಂದರೆ ಬೇಕು, ಆದರೆ ನನಗೆ ಬೇಕಾದದ್ದು ರೊಟ್ಟಿಯಲ್ಲ, ಆ ಬಡಿಯುವ ಸದ್ದು. ಅದನ್ನು ಹೇಗೆ ಕಟ್ಟಿಸಿಕೊಳ್ಳುವುದು? ಬೇಡವೆಂದು ತಲೆ ಆಡಿಸಿ ಮನೆಗೆ ಬರುತ್ತೇನೆ. ಬಾಗಿಲು ತೆಗೆದ ಮೇಲೂ ಒಂದು ಕ್ಷಣ ಒಳಗಿನಿಂದ "ತಮ್ಮಾ, ಬಂದೇನು?" ಎನ್ನುವ ಮಾತಿಗೆ ಕಾಯುತ್ತೇನೆ, ಗೊತ್ತಿದ್ದೂ ಕಾಯುತ್ತೇನೆ.

ಹೋದ ವಾರ ಉಪ್ಪಲ್ಲಿಗೆ ಹೋದಾಗ, ನನಗೂ ಇಲ್ಲಿ ಜಾಗ ಸಿಗುತ್ತದೆಯೇ ಎಂದು ವಿಜಯಾ ಅವರನ್ನು ಕೇಳಿಯೇಬಿಟ್ಟೆ. ಗಂಡಸರ ಕಡೆ ಒಂದು ಕೋಣೆ ಖಾಲಿ ಇದೆ ಎಂದರು. ಆದರೆ ಅಲ್ಲಿರುವವರ ಸಂಬಂಧಿಕರು ಸೇರುವುದಾದರೆ ಮೊದಲು ಇರುವವರನ್ನು ಒಂದು ಮಾತು ಕೇಳುವುದು ಆಶ್ರಮದ ರೂಢಿಯಂತೆ. ಕೇಳುವುದೇನು ಬಂತು, ನನ್ನ ಅಕ್ಕ, ನಾನೇ ಕೇಳುತ್ತೇನೆ ಎಂದು ಹಲ್ಲು ಬಿಟ್ಟುಕೊಂಡು ಬೇವಿನ ಮರದ ಕೆಳಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿಸಿಕೊಂಡು ಎರಡು ಕಾಯಿ ಸುಲಿದ ಮೇಲೆ, "ಬ್ಯಾಡ" ಎಂದಳು.

"ಯಾಕಕ್ಕಾ?"

"ಹದಿನಾರಕ್ಕ ನನ್ನ ಲಗ್ನ ಆತು. ಅಲ್ಲಿ ಮೈದುನಗ ವೈನಿ ಆದೆ, ಓಣಿ ಹುಡುಗರಿಗೆ ಕಾಕು ಆದೆ. ನಿನ್ನ ಮನಿಗೆ ಬಂದು ಅಕ್ಕ ಆದೆ. ಇಲ್ಲಿ ಎಲ್ಲಾರೂ ನನ್ನ ಸುಶೀಲಾ ಅಂತ ಕರಿತಾರ. ಹೆಸರು ಹಿಡಿದು ಕರೆಸಿಕೊಂಡು ಅರವತ್ತು ವರ್ಷ ಆಗಿತ್ತು ತಮ್ಮಾ. ನೀ ಬಂದ್ರ ನಾ ಮತ್ತ ಅಕ್ಕ ಆಕ್ಕೀನಿ. ನಿನಗ ಚಹಾ ತರಾಕ ಏಳ್ತೀನಿ. ನೀ ಬ್ಯಾಡ ಅಂದ್ರೂ ಏಳ್ತೀನಿ, ನನಗ ಗೊತ್ತೈತಿ." ಸುಲಿದ ಕಾಳನ್ನು ಮಡಿಲಿಗೆ ಹಾಕಿಕೊಳ್ಳುತ್ತಾ, "ದಿನಾ ಬೇಕಾರ ಬಾ. ಆದ್ರ ಸಂಜೀಕ ಹೊಳ್ಳಿ ಹೋಗು" ಎಂದಳು.

ಸಾವಿರಾರು ಬೋಲ್ಟುಗಳನ್ನು ವಾಪಸ್ ಕಳಿಸಿದವನು ನಾನು. ವಾಪಸ್ ಹೋಗುವ ಬೋಲ್ಟಿಗೆ ಏನನ್ನಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಆಯಿತಕ್ಕಾ ಎಂದು ಎದ್ದು, ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದೆ. ಅಂಗಳದಿಂದ ಯಾರೋ ಗಹಗಹಿಸಿ ನಕ್ಕ ಸದ್ದು ಬಂತು. ನಿಲ್ಲುವ ಲಕ್ಷಣವಿಲ್ಲ. ಕೆಲಸಕ್ಕೆ ಸೇರಿದ ಹೊಸ ಹುಡುಗಿ ಇರಬೇಕು, ವಯಸ್ಸಾದವರಿರುವ ಜಾಗದಲ್ಲಿ ಹೀಗಾ ನಗುವುದು, ವಿಜಯಾ ಅವರಿಗೆ ಒಂದು ಮಾತು ಹೇಳಿಯೇ ಹೋಗೋಣ ಎಂದು ಸಿಟ್ಟಿನಿಂದ ತಿರುಗಿ ಬಂದು ಗೋಡೆಯ ಮೇಲಿಂದ ಇಣುಕಿದೆ. ನಾಗಮ್ಮನ ಭುಜ ಹಿಡಿದುಕೊಂಡು, ಮಡಿಲಿನ ಅವರೆಕಾಳೆಲ್ಲ ನೆಲಕ್ಕೆ ಚೆಲ್ಲಿ ನಗುತ್ತಿದ್ದವಳು ಅಕ್ಕ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆವು, ಅವಳ ನಗು ನನಗೆ ಗುರುತು ಸಿಕ್ಕಿರಲಿಲ್ಲ.