ಸ್ವಿಚ್ ಹಾಕಿದ್ರಾ?

ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ಲ ಅಂತ ನಮ್ಮ ಅಂಗಡಿಗೆ ದಿನಾ ಯಾರಾದರೂ ಬರುತ್ತಲೇ ಇರುತ್ತಾರೆ. ಅರ್ಧ ಸಲ ಕೆಟ್ಟಿರುವುದು ಲ್ಯಾಪ್‌ಟಾಪ್ ಆಗಿರುವುದಿಲ್ಲ. ಅಂಗಡಿ ಶಿವಾಜಿನಗರದ ಗಲ್ಲಿಯೊಂದರಲ್ಲಿದೆ. ರಿಪೇರಿ ಮಾಡುವವರು ಓನರ್ ಭಾಯ್. ಕೌಂಟರಿನಲ್ಲಿ ಕೂತು ಬಂದವರ ಗೋಳು ಕೇಳಿ ಚೀಟಿ ಬರೆಯುವವಳು ನಾನು. ಸೇರಿದ ದಿನವೇ ಭಾಯ್ ಹೇಳಿಕೊಟ್ಟಿದ್ದರು: "ಸಿಸ್ಟರ್, ಯಾರೇ ಬರ್ಲಿ, ಮೊದಲು ಒಂದೇ ಸವಾಲು. ಸ್ವಿಚ್ ಹಾಕಿದ್ರಾ?" ಅದನ್ನು ಕೇಳಿದ ಮೇಲೆ ಕೆಲವರು ಬ್ಯಾಗಿನ ಜಿಪ್ ಎಳೆದುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೊರಟುಬಿಡುತ್ತಾರೆ.

ಅರಿಶಿನ ಕುಂಕುಮ

ಆಯುಧಪೂಜೆ ಮುಗಿದ ಮುಂದಿನ ವಾರ ಜೀವನ್ ಬಿಮಾ ನಗರದಿಂದ ರಿಟೈರಾದ ಯಜಮಾನರೊಬ್ಬರು ಬಂದರು. ಸ್ವಿಚ್ ಹಾಕಿದ್ದರು. ಚಾರ್ಜರ್ ಕೂಡ ಹೊಸದು. ಆದರೆ ಪಿನ್ನೇ ಒಳಗೆ ಹೋಗುತ್ತಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಪಿನ್ ಚುಚ್ಚುವ ತೂತಿನ ತುಂಬ ಅರಿಶಿನ, ಅದರ ಮೇಲೆ ಕುಂಕುಮ, ಒಣಗಿ ಗಟ್ಟಿಯಾಗಿ ಕೂತಿದೆ.

"ಇಲ್ಲಿಗ್ಯಾಕೆ ಸಾರ್ ಹಚ್ಚಿದ್ರಿ?"

"ಶಕ್ತಿ ಒಳಗೆ ಬರೋ ಜಾಗ ಅದೇ ಅಲ್ವೇನಮ್ಮ?"

ಭಾಯ್ ಕಡ್ಡಿ ಹಿಡಿದು, ನಗು ನುಂಗಿಕೊಂಡು, ಅರ್ಧ ಗಂಟೆ ಕೆರೆದರು. ಚಾರ್ಜ್ ಆಯಿತು. ಹೊರಡುವಾಗ ಯಜಮಾನರು ಮೆಲ್ಲಗೆ ಕೇಳಿದರು, "ಬರೋ ವರ್ಷ ಎಲ್ಲಿ ಹಚ್ಚಲಿ?"

"ಹಣೆಗೆ ಹಚ್ಚಿ ಸಾರ್," ಅಂದೆ. "ಮನೇಲಿ ಅಮ್ಮಾವ್ರಿಗೆ ಬಾಯೊಳಗೆ ಕುಂಕುಮ ಇಡ್ತೀರಾ?"

ಅರವತ್ತು

ಹೊರಮಾವಿನಿಂದ ಒಬ್ಬರು, ಕೊರಳಲ್ಲಿ ಕಂಪನಿ ಟ್ಯಾಗ್ ತೂಗಾಡಿಸಿಕೊಂಡು ಬಂದರು. ಎದುರಿಗೆ ನಾನು ಕೂತಿದ್ದರೂ ನನ್ನ ಪಕ್ಕದಿಂದ ಒಳಗೆ ಇಣುಕಿ, "ಟೆಕ್ನಿಷಿಯನ್ ಇಲ್ವಾ?" ಅಂದರು. ಭಾಯ್ ನಮಾಜಿಗೆ ಹೋಗಿದ್ದರು.

"ನನಗೆ ಹೇಳಿ ಸಾರ್."

"ಅರವತ್ತು ಪರ್ಸೆಂಟ್‌ಗೆ ಬಂದು ನಿಂತ್ಬಿಡುತ್ತೆ. ಬ್ಯಾಟರಿ ಚೇಂಜ್ ಮಾಡ್ಬೇಕು. ನಾನೇ ಇಂಜಿನಿಯರು, ಎಲ್ಲಾ ಚೆಕ್ ಮಾಡಿದೀನಿ."

ಬ್ಯಾಟರಿ ಬೇಗ ಸಾಯದಿರಲಿ ಅಂತ ಅರವತ್ತಕ್ಕೇ ತಡೆಯುವ ಸೆಟ್ಟಿಂಗ್ ಒಂದಿರುತ್ತದೆ. ಅವರ ಕಣ್ಣೆದುರಿಗೇ ಅದನ್ನು ತೆಗೆದೆ. ಸ್ವಲ್ಪ ಹೊತ್ತಿಗೆ ಅರವತ್ತೊಂದಾಯಿತು. ಈಗ ನನ್ನ ಮುಖ ನೋಡಿದರು.

"ನೀವೇನು ಓದಿದೀರಾ?"

"ಟೆನ್ತ್ ಸಾರ್. ನಂದೂ ಅರವತ್ತಕ್ಕೇ ನಿಂತ್ಹೋಯ್ತು. ಯಾರೂ ಸೆಟ್ಟಿಂಗ್ ತೆಗೀಲಿಲ್ಲ."

ಟೆಸ್ಟಿಂಗ್

ಹೊಸ ಬ್ಯಾಟರಿ ಹಾಕಿದ ಮೇಲೆ ಅದು ಎಷ್ಟು ಹೊತ್ತು ಬರುತ್ತೆ ಅಂತ ಪರೀಕ್ಷೆ ಮಾಡಬೇಕು. ಗಿರಾಕಿಯ ಫೈಲ್ ಯಾವುದನ್ನೂ ಮುಟ್ಟುವ ಹಾಗಿಲ್ಲ. ನಮ್ಮದೇ ಪೆನ್‌ಡ್ರೈವ್ ಹಾಕಿ ಆನ್ ಮಾಡಿ, ಚಾರ್ಜ್ ಖಾಲಿಯಾಗುವ ತನಕ ಏನಾದರೂ ವಿಡಿಯೋ ಓಡಿಸಬೇಕು. ಭಾಯ್ ಯಾವುದೋ ಸಮುದ್ರದ ಮೀನಿನ ವಿಡಿಯೋ ಹಾಕುತ್ತಿದ್ದರು. ಒಂದು ದಿನ ಕೇಳಿದೆ, "ಭಾಯ್, ಮೀನಿನ ಬದಲು ನನ್ನ ಮಗಳನ್ನ ಹಾಕ್ಲಾ?"

ನಾಲ್ಕು ವರ್ಷದ ಮಗಳು ರಾಯಚೂರಿನ ಕಡೆ ನಮ್ಮೂರಲ್ಲಿ, ನನ್ನ ಅವ್ವನ ಹತ್ತಿರ ಇದ್ದಾಳೆ. ಕೆ.ಆರ್. ಪುರಂನ ಒಂದೇ ರೂಮಿನಲ್ಲಿ ನಮ್ಮ ವಾಸ. ನಾನು, ಗಂಡ ಇಬ್ಬರೂ ಕೆಲಸಕ್ಕೆ ಹೋದರೆ ಅವಳನ್ನು ನೋಡಿಕೊಳ್ಳುವವರಿಲ್ಲ. ಕೌಂಟರಿನಲ್ಲಿ ಫೋನ್ ಹಿಡಿಯಬಾರದು. ರೂಮಿಗೆ ಹೋಗುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ಭಾಯ್ ಹೂಂ ಅಂದ ದಿನದಿಂದ ಟೆಸ್ಟಿಂಗ್ ಅಂದರೆ ಮಗಳಿಗೆ ವಿಡಿಯೋ ಕಾಲ್, ನಮ್ಮಿಬ್ಬರ ಮಾತು ಬ್ಯಾಟರಿ ಇರುವಷ್ಟು. ಅವ್ವ ತನ್ನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಡುತ್ತಾಳೆ. ಮಗಳು ಬಂದು ಕೂತವಳೇ ಕೇಳುವುದು, "ಲ್ಯಾಪ್‌ಟಾಪ್ ಮಮ್ಮಿ, ಇವತ್ತು ಎಷ್ಟೈತಿ?" ಚಾರ್ಜ್ ಎಷ್ಟಿದೆ ಅಂತ. ಅವಳ ಪಾಲಿಗೆ ಅವ್ವ ಮನೆಯಲ್ಲಿರುವವಳು, ನಾನು ಲ್ಯಾಪ್‌ಟಾಪಿನಲ್ಲಿರುವವಳು. ಆ ಹೆಸರು ಕೇಳಿದಾಗೆಲ್ಲ ನಗುತ್ತಿದ್ದೆ. ಆಮೇಲೆ ಚೀಟಿ ತಪ್ಪು ಬರೆಯುತ್ತಿದ್ದೆ.

ಒಮ್ಮೆ ಗಿರಾಕಿಯೊಬ್ಬರು ಜಗಳಕ್ಕೇ ಬಂದರು. "ಚೀಟೀಲಿ ಮೂರೂವರೆ ಗಂಟೆ ಅಂತ ಬರ್ದಿದೀರಾ. ನನಗೆ ಎರಡು ಗಂಟೆನೂ ಬರ್ತಿಲ್ಲ!" ಭಾಯ್ ನನ್ನ ಕಡೆ ತಿರುಗಿದರು. ಒಪ್ಪಿಕೊಂಡೆ. ಹೆಚ್ಚು ಹೊತ್ತು ಬರಲಿ ಅಂತ ಸ್ಕ್ರೀನಿನ ಬೆಳಕನ್ನು ಪೂರ್ತಿ ಇಳಿಸಿಬಿಟ್ಟಿದ್ದೆ.

"ಅಷ್ಟು ಕತ್ತಲೆ ಮಾಡಿದ್ರೆ ಮಗು ಮುಖ ಹ್ಯಾಗೆ ಕಾಣುತ್ತೆ ಸಿಸ್ಟರ್?"

"ಮುಖ ನನಗೆ ಬಾಯಿಪಾಠ ಭಾಯ್. ಮಾತು ಕೇಳಿದ್ರೆ ಸಾಕು."

ಭಾಯ್ ಚೀಟಿ ತಿದ್ದಿ ಕೊಟ್ಟರು: 'ಎರಡು ಗಂಟೆ. ತಾಯಂದಿರಿಗೆ ಮೂರೂವರೆ.'

ಊರಿನಲ್ಲಿ

ದೀಪಾವಳಿಗೆ ಮೂರು ದಿನ ರಜ ಸಿಕ್ಕಿತು. ಊರಿಗೆ ಹೋದೆ. ಮಗಳು ಅವ್ವನ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಓಡಿ ಬರುತ್ತಾಳೆ ಅಂದುಕೊಂಡು ಬ್ಯಾಗ್ ಕೆಳಗಿಟ್ಟು ಕೈ ಚಾಚಿದೆ. ಅವಳು ಬರಲಿಲ್ಲ. ನನ್ನನ್ನು ತಲೆಯಿಂದ ಕೆಳಗಿನ ತನಕ ನೋಡಿ, ಅವ್ವನಿಗೆ ಗಾಬರಿಯಲ್ಲಿ ಹೇಳಿದಳು, "ಯವ್ವಾ, ಮಮ್ಮಿಗೆ ಕಾಲು ಅದಾವ!"

ನನ್ನನ್ನು ಎದೆಯಿಂದ ಮೇಲಷ್ಟೇ ಕಂಡಿದ್ದವಳು ಪಾಪ. ಅವತ್ತೆಲ್ಲ ಆ ಕಾಲುಗಳ ಮೇಲೇ ಕೂತಿದ್ದಳು. ಎರಡನೇ ದಿನ ಬರೀ ಮಮ್ಮಿ ಅಂದಳು. ಲ್ಯಾಪ್‌ಟಾಪ್ ಬಿಟ್ಟುಹೋಗಿತ್ತು.

ಮೂರನೇ ದಿನ ಸಂಜೆಗೆ ಬಸ್ಸು. ಬ್ಯಾಗ್ ತುಂಬಿಟ್ಟು, ಮಧ್ಯಾಹ್ನ ಊಟವಾದ ಮೇಲೆ ಚಾಪೆ ಮೇಲೆ ಕಣ್ಣು ಮುಚ್ಚಿದ್ದೆ. ಅಂಗೈಯಲ್ಲಿ ಏನೋ ತಣ್ಣಗೆ ಚುಚ್ಚಿತು. ಮಗಳು ಅವ್ವನ ಫೋನ್ ಚಾರ್ಜರಿನ ಪಿನ್ ಇಟ್ಟು ನನ್ನ ಮುಷ್ಟಿ ಮುಚ್ಚುತ್ತಿದ್ದಳು. ಅವ್ವ ಅವಳಿಗೆ ದಿನಾ ಗದರುತ್ತಾಳೆ, "ಚಾರ್ಜಿಗೆ ಹಾಕೀನಿ, ನೂರು ಆಗೋ ತನಕ ತೆಗೀಬ್ಯಾಡ!" ಅದಕ್ಕೇ ಮಮ್ಮಿಯನ್ನೂ ಚಾರ್ಜಿಗೆ ಹಾಕಿದ್ದಾಳೆ. ನೂರು ಆಗೋ ತನಕ ಯಾರೂ ತೆಗೆದುಕೊಂಡು ಹೋಗುವಂತಿಲ್ಲ.

ಕಣ್ಣು ಮುಚ್ಚಿಕೊಂಡೇ, ಅಭ್ಯಾಸಬಲ, ಕೇಳಿದೆ, "ಸ್ವಿಚ್ ಹಾಕೀಯೇನು?"

ಓಡಿಹೋಗಿ ಸ್ಟೂಲ್ ಎಳೆದು ಹತ್ತಿ ಟಪ್ ಅಂತ ಹಾಕಿದಳು. ಬಂದು ನನ್ನ ಮುಷ್ಟಿ ಹಿಡಿದು ಕೂತಳು. "ಎಷ್ಟಾತು?"

"ತೊಂಬತ್ತು," ಅಂದೆ, ತಮಾಷೆಗೆ.

ನನ್ನ ಮುಷ್ಟಿ ಬಿಟ್ಟಳು. ಒಂದು ಕಣ್ಣು ತೆರೆದು ನೋಡಿದೆ. ಮತ್ತೆ ಸ್ಟೂಲ್ ಹತ್ತುತ್ತಿದ್ದಳು. ಸ್ವಿಚ್ ಆರಿಸಿ, ಇಳಿದು ಬಂದು, ನನ್ನ ಕಾಲಿನ ಮೇಲೆ ಮಲಗಿದಳು. "ಇನ್ನ ನೂರು ಆಗಂಗಿಲ್ಲ."

ಸಂಜೆಯ ಬಸ್ಸು ನಾನಿಲ್ಲದೆ ಹೋಯಿತು. ಮರುದಿನ ಬೆಳಿಗ್ಗೆ ಭಾಯ್ ಫೋನ್ ಮಾಡಿದರು. "ಎಲ್ಲಿ ಸಿಸ್ಟರ್, ಇವತ್ತು ಬರ್ಬೇಕಿತ್ತಲ್ಲ?"

"ಚಾರ್ಜ್ ಆಗ್ಲಿಲ್ಲ ಭಾಯ್."

"ಸ್ವಿಚ್ ಹಾಕಿದ್ರಾ?"

"ಹಾಕಿತ್ತು ಭಾಯ್. ಗಿರಾಕಿನೇ ಆರಿಸಿಬಿಟ್ಳು."